ಆಕ್ಸಲ್ ಮೇಲಿನ ಎರಡು ಅಂಕಿ

ರಾಯಚೂರಿನಿಂದ ದೇವದುರ್ಗ, ಮಾನ್ವಿಗಳತ್ತ ಹೊರಟರೆ ಅಲ್ಲಲ್ಲಿ ಎರೆಭೂಮಿ. ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಗಾಲಿ ಹೂತುಕೊಳ್ಳುತ್ತದೆ. ಇಂಥ ನೆಲಕ್ಕೆ ನಾಲ್ಕೂ ಗಾಲಿ ಎಳೆಯುವ ಜೀಪು ಹೇಳಿ ಮಾಡಿಸಿದ ವಾಹನ. ಹಳೆಯ ಜೀಪು ಕೊಳ್ಳುವವರು ಎಂಜಿನ್ನು, ಬಣ್ಣ ನೋಡುತ್ತಾರೆ. ಬಗ್ಗಿ ಹಿಂದಿನ ಆಕ್ಸಲ್ ನೋಡುವವರು ಕಡಿಮೆ.

ಆಕ್ಸಲ್‌ನ ನಡುವೆ ಉಬ್ಬಿದ ಭಾಗದ ಮುಚ್ಚಳದ ಬೋಲ್ಟಿಗೆ ಕಾರ್ಖಾನೆಯವರು ಸಣ್ಣ ತಗಡೊಂದನ್ನು ಸಿಕ್ಕಿಸುತ್ತಿದ್ದರು. ಅದರ ಮೇಲಿರುವುದು ಒಳಗಿನ ಎರಡು ಹಲ್ಲುಗಾಲಿಗಳ ಹಲ್ಲಿನ ಲೆಕ್ಕ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಕ್ರೌನಿಗೆ 39, ಪಿನಿಯನ್ನಿಗೆ 8. ಅಂದರೆ ಗಾಲಿ ಒಂದು ಸುತ್ತು ತಿರುಗಲು ಶಾಫ್ಟು 4.88 ಸುತ್ತು ತಿರುಗಬೇಕು. 1945ರಲ್ಲಿ ಬಂದ ನಾಗರಿಕ ಜೀಪು ಹೊಲದಲ್ಲೂ ದುಡಿಯಬೇಕಿತ್ತು. ಅದಕ್ಕೆ 43 ಮತ್ತು 8, ಅಂದರೆ 5.38. ವೇಗ ಕಡಿಮೆ, ಎಳೆತ ಹೆಚ್ಚು. ಮುಂದೆ ಮಹೀಂದ್ರ ಕಂಪನಿ ನಮ್ಮಲ್ಲಿ ತಯಾರಿಸಿದ ಸಿಜೆ-3ಬಿ ಜೀಪಿಗೂ ಇದೇ ಲೆಕ್ಕ.

ಗುಜರಿಯಿಂದ ತಂದ ಬೇರೆ ಲೆಕ್ಕದ ಆಕ್ಸಲನ್ನು ಹಿಂದೆ ಕೂಡಿಸಿದರೆ, ಎರಡೇ ಗಾಲಿಯ ಎಳೆತದಲ್ಲಿ ಓಡುವಾಗ ತೊಂದರೆ ತಿಳಿಯದು. ನಾಲ್ಕಕ್ಕೂ ಎಳೆತ ಕೊಟ್ಟೊಡನೆ ಮುಂದಿನದಕ್ಕೂ ಹಿಂದಿನದಕ್ಕೂ ಜಗ್ಗಾಟ ಶುರು. ಕೆಸರಿನಲ್ಲಿ ಗಾಲಿ ಜಾರುವುದರಿಂದ ಹೇಗೋ ನಡೆಯುತ್ತದೆ. ಡಾಂಬರು ರಸ್ತೆಯಲ್ಲಿ ಹಲ್ಲು ಮುರಿಯಬಹುದು.

ತಗಡು ಕಳೆದಿದ್ದರೆ ಉಪಾಯವಿದೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಅದನ್ನು ಎರಡು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಬೇಕು. ಐದಕ್ಕೆ ಸ್ವಲ್ಪ ಕಡಿಮೆಯಾದರೆ ಯುದ್ಧದ ಲೆಕ್ಕ; ಐದೂಕಾಲು ದಾಟಿದರೆ ಹೊಲದ ಲೆಕ್ಕ. ಹಣ ಎಣಿಸುವ ಮೊದಲು ಇಷ್ಟು ಎಣಿಸುವುದು ಕ್ಷೇಮ.