ಆಟದ ಕಷ್ಟ, ಆಟದ ಸುಲಭ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಸಕಲೇಶಪುರದ ಜಾತ್ರೆಯನ್ನು ನೋಡಿದವರಿಗೆ ಬಲೂನಿಗೆ ಗುರಿಯಿಟ್ಟು ಹೊಡೆಯುವ ಅಂಗಡಿಯನ್ನು ನಾನು ವರ್ಣಿಸಬೇಕಾಗಿಲ್ಲ. ಒಂದು ಹಲಗೆಗೆ ಸಾಲುಸಾಲಾಗಿ ಸಿಕ್ಕಿಸಿದ ಬಣ್ಣದ ಬಲೂನುಗಳು. ಕೆಲವು ಮಾರು ದೂರದಲ್ಲಿ ಒಂದು ಮೇಜು. ಮೇಜಿನ ಮೇಲೆ ಒಂದು ಗಾಳಿಬಂದೂಕು. ಇಷ್ಟು ಹಣಕ್ಕೆ ಇಷ್ಟು ಗುಂಡು ಎಂಬುದು ಕರಾರು. ದೊಡ್ಡವರು ಮೇಜಿನ ಹಿಂದೆಯೇ ನಿಂತು ಹೊಡೆಯಬೇಕು. ಆದರೆ ಏಳೆಂಟು ವರ್ಷದ ಹುಡುಗನೊಬ್ಬ ಅಪ್ಪನ ಕೈ ಹಿಡಿದು ಬಂದಾಗ ಅಂಗಡಿಯವನು ಅವನನ್ನು ಮೇಜಿನ ಪಕ್ಕದಿಂದ ಎರಡು ಹೆಜ್ಜೆ ಮುಂದಕ್ಕೆ ಕರೆದುಕೊಂಡು, ಬಂದೂಕಿನ ಹಿಡಿಯನ್ನು ಭುಜಕ್ಕೆ ಕೂರಿಸಿ, ‘ಈಗ ಹೊಡಿ ಮರಿ’ ಎನ್ನುವುದನ್ನು ನಾನು ಕಂಡಿದ್ದೇನೆ. ಬಂದೂಕು ಅದೇ, ಬಲೂನೂ ಅದೇ; ಬದಲಾದದ್ದು ದೂರ ಮಾತ್ರ. ಆ ಎರಡು ಹೆಜ್ಜೆಯೇ ನನ್ನ ಇಂದಿನ ಮಾತಿನ ವಿಷಯ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಕಳೆದ ವರ್ಷದ ಆಷಾಢದಲ್ಲಿ. ಹೇಮಾವತಿ ತುಂಬಿ ಹರಿಯುತ್ತಿತ್ತು; ಮಳೆಯ ಕಾರಣ ಶಾಲೆಗಳಿಗೆ ರಜೆ ಸಾರಿದ್ದರು. ಆಲೂರಿನಿಂದ ಸಕಲೇಶಪುರದ ಮಗಳ ಮನೆಗೆ ಹೋಗಿದ್ದವನು ಅಲ್ಲಿಯೇ ಉಳಿಯಬೇಕಾಯಿತು. ಹದಿಮೂರು ವರ್ಷದ ಮೊಮ್ಮಗ ಟೆಲಿವಿಷನ್ನಿನ ಮುಂದೆ ಕುಳಿತು ವಿಮಾನದ ಆಟವೊಂದನ್ನು ಆಡುತ್ತಿದ್ದ. ಕುತೂಹಲದಿಂದ ನಾನೂ ಕೈಗೆ ತೆಗೆದುಕೊಂಡೆ. ಅರ್ಧ ನಿಮಿಷದೊಳಗೆ ನನ್ನ ಮೂರು ವಿಮಾನಗಳೂ ಸುಟ್ಟು ಬಿದ್ದವು. ಹುಡುಗ ನಗಲಿಲ್ಲ. ಏನನ್ನೋ ಒತ್ತಿ, ತೆರೆಯ ಮೇಲೆ ‘ಸೂಪರ್ ಈಸಿ’ ಎಂಬ ಮಾತನ್ನು ಆರಿಸಿ, ‘ತಾತ, ನಿಮಗೆ ಇದೇ ಸರಿ’ ಎಂದು ಹಿಂದಿರುಗಿಸಿದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿದ ನನಗೆ ಸ್ವಲ್ಪ ಅವಮಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಆಡಿದೆ. ಮೊದಲ ಹಂತವನ್ನು ದಾಟಿದೆ. ಅವಮಾನ ಮರೆಯಿತು; ಪ್ರಶ್ನೆ ಉಳಿಯಿತು. ಈ ಸುಲಭದ ದಾರಿಯನ್ನು ಮಾಡಿದವರು ಯಾರು, ಏತಕ್ಕೆ ಮಾಡಿದರು, ಹಾಗೆ ಮಾಡಿದ್ದು ಸರಿಯೆ?

ಇಂಥ ಆಟಗಳು ಹುಟ್ಟಿದ್ದು ಮನೆಯಲ್ಲಲ್ಲ, ಅಂಗಡಿಯಲ್ಲಿ. ನಾಣ್ಯ ಹಾಕಿ ಆಡುವ ಯಂತ್ರಗಳ ಆ ಅಂಗಡಿಗಳಿಗೆ ಆರ್ಕೇಡ್ ಎಂದು ಹೆಸರು. ೧೯೭೮ರಲ್ಲಿ ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಇವುಗಳ ಪೈಕಿ ಹಿರಿಯವುಗಳಲ್ಲಿ ಒಂದು. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು ೫೫ ಆಕ್ರಮಣಕಾರರು ಆಕಾಶದಿಂದ ಇಳಿಯುತ್ತಾರೆ. ಕೆಳಗಿರುವ ಒಂದೇ ಫಿರಂಗಿಯಿಂದ ಅವರನ್ನು ತಡೆಯಬೇಕು. ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಇದು ಮೊದಲು ಯಾರೂ ಯೋಚಿಸಿ ಇಟ್ಟ ಉಪಾಯವಲ್ಲ. ಅಂದಿನ ಯಂತ್ರದ ಶಕ್ತಿ ಅಲ್ಪ. ಐವತ್ತೈದು ಆಕೃತಿಗಳನ್ನು ಚಲಿಸಲು ಅದಕ್ಕೆ ಹೊತ್ತು ಹಿಡಿಯುತ್ತಿತ್ತು, ಹತ್ತನ್ನು ಚಲಿಸಲು ಅಷ್ಟು ಹೊತ್ತು ಬೇಕಿರಲಿಲ್ಲ. ಯಂತ್ರದ ಈ ಬಡತನವೇ ಆಟದ ಬಿಗಿಯಾಯಿತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು.

ಅಂಗಡಿಯ ಆಟ ಕಠಿಣವಾಗಿರುವುದಕ್ಕೆ ಇನ್ನೊಂದು ಕಾರಣ ಉಂಟು. ಅದು ಜಾತ್ರೆಯ ಅಂಗಡಿಯವನಿಗೆ ಚೆನ್ನಾಗಿ ಗೊತ್ತು. ಒಬ್ಬನೇ ಗಿರಾಕಿ ಒಂದೇ ನಾಣ್ಯಕ್ಕೆ ಗಂಟೆಗಟ್ಟಲೆ ನಿಂತರೆ ಅಂಗಡಿ ನಡೆಯದು. ತೀರ ಬೇಗ ಸೋತರೆ ಅವನು ಮತ್ತೆ ಬಾರನು. ಈ ಎರಡರ ನಡುವೆ ಆಟವನ್ನು ಹದವಾಗಿ ನಿಲ್ಲಿಸಬೇಕು. ಅದಕ್ಕಾಗಿ ಎಷ್ಟೋ ಯಂತ್ರಗಳ ಒಳಗಿನ ಫಲಕದಲ್ಲಿ ಉಗುರಿನಿಂದ ಸರಿಸಬಹುದಾದ ಸಣ್ಣ ಸ್ವಿಚ್ಚುಗಳಿರುತ್ತಿದ್ದವು. ಆಟಗಾರನಿಗೆ ಎಷ್ಟು ಜೀವ, ಶತ್ರು ಎಷ್ಟು ಕ್ರೂರ, ಎಷ್ಟು ಅಂಕಕ್ಕೆ ಇನ್ನೊಂದು ಜೀವ ಎಂಬುದನ್ನು ಅಂಗಡಿಯ ಯಜಮಾನ ಅವುಗಳಿಂದ ನಿಶ್ಚಯಿಸುತ್ತಿದ್ದ. ಆಟಗಾರನಿಗೆ ಅದು ಕಾಣುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟಿರಿ, ಮುಂದೆ ಬೇಕಾಗುತ್ತದೆ.

ಈ ಆಟಗಳನ್ನು ಮನೆಯ ಯಂತ್ರಕ್ಕೆ ಇಳಿಸುವುದು ಒಂದು ಬಗೆಯ ಅನುವಾದ. ಅನುವಾದದಲ್ಲಿ ಏನೋ ಕಳೆಯುತ್ತದೆ, ಏನೋ ಸೇರುತ್ತದೆ. ಅಟಾರಿ ಸಂಸ್ಥೆ ೧೯೮೦ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ಮನೆಗೆ ತಂದಾಗ ಐವತ್ತೈದು ಶತ್ರುಗಳ ಜಾಗದಲ್ಲಿ ಮೂವತ್ತಾರು ಮಂದಿ ಉಳಿದರು. ಆದರೆ ಅದೇ ಕ್ಯಾಸೆಟ್ಟಿನಲ್ಲಿ ಆಟದ ೧೧೨ ಪ್ರಭೇದಗಳಿದ್ದವು. ಜೊತೆಗೆ ಯಂತ್ರದ ಮೈಮೇಲೆಯೇ ಕಷ್ಟವನ್ನು ನಿಶ್ಚಯಿಸುವ ಸ್ವಿಚ್ಚು ಇತ್ತು. ಅದನ್ನು ಒಂದು ಕಡೆಗೆ ಸರಿಸಿದರೆ ನಿಮ್ಮ ಫಿರಂಗಿಯ ಅಗಲ ಇಮ್ಮಡಿಯಾಗುತ್ತದೆ. ಅಗಲವಾದದ್ದಕ್ಕೆ ಏಟು ಬೀಳುವುದು ಸುಲಭ, ಆದ್ದರಿಂದ ಆಟ ಕಠಿಣ. ಇನ್ನೊಂದು ಕಡೆಗೆ ಸರಿಸಿದರೆ ಹೊಸಬನಿಗೆ ಸಣ್ಣ ಫಿರಂಗಿ. ಯಜಮಾನನ ಬೀಗದೊಳಗಿದ್ದ ಅಧಿಕಾರ ಹೀಗೆ ಆಡುವವನ ಕೈಗೆ ಬಂದಿತು. ಮನೆಯಲ್ಲಿ ನಾಣ್ಯವಿಲ್ಲ, ಹಣವನ್ನು ಮೊದಲೇ ಕೊಟ್ಟಾಗಿದೆ. ಬೇಗ ಸೋಲಿಸುವ ಅಗತ್ಯ ಯಾರಿಗೂ ಇಲ್ಲ.

ಮುಂದೆ ನಡೆದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಕೊನಾಮಿ ಸಂಸ್ಥೆಯ ‘ಗ್ರೇಡಿಯಸ್’ ಎಂಬ ಆಟ ೧೯೮೫ರಲ್ಲಿ ಅಂಗಡಿಗೆ ಬಂದಿತು. ಮರುವರ್ಷ ಅದನ್ನು ನಿಂಟೆಂಡೊ ಯಂತ್ರಕ್ಕೆ ಇಳಿಸುವ ಕೆಲಸ ಕಝುಹಿಸಾ ಹಶಿಮೊಟೊ ಅವರ ಪಾಲಿಗೆ ಬಿತ್ತು. ಮಾಡಿದ್ದನ್ನು ಪರೀಕ್ಷಿಸಲು ಆಟವನ್ನು ಕೊನೆಯವರೆಗೆ ಆಡಬೇಕಷ್ಟೆ. ಅವರಿಗೆ ಅದು ಸಾಧ್ಯವಾಗಲಿಲ್ಲ. ಆಟವನ್ನು ಮನೆಮನೆಗೆ ತಲುಪಿಸುವವರೇ ಅದರಲ್ಲಿ ಸೋತರು! ಆದ್ದರಿಂದ ತಮ್ಮ ಅನುಕೂಲಕ್ಕೆಂದು ಒಂದು ಗುಪ್ತ ಸಂಕೇತವನ್ನು ಸೇರಿಸಿಕೊಂಡರು: ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ ಬಲ ಎಡ ಬಲ, ಬಳಿಕ ಬಿ ಮತ್ತು ಎ ಗುಂಡಿಗಳು. ಒತ್ತಿದರೆ ವಿಮಾನಕ್ಕೆ ಬಹುಪಾಲು ಶಕ್ತಿಗಳು ಒಟ್ಟಿಗೆ ದೊರೆಯುತ್ತಿದ್ದವು. ಆಟ ಮಾರುಕಟ್ಟೆಗೆ ಬಂದಾಗಲೂ ಆ ಸಂಕೇತ ಉಳಿಯಿತು. ಹಶಿಮೊಟೊ ೨೦೨೦ರಲ್ಲಿ ತೀರಿಕೊಂಡಾಗ ಜಗತ್ತು ಅವರನ್ನು ಸ್ಮರಿಸಿದ್ದು ಅದರಿಂದಲೇ. ೧೯೮೭ರಲ್ಲಿ ಅಂಗಡಿಗೆ ಬಂದ ‘ಕಾಂಟ್ರಾ’ ಮರುವರ್ಷ ಅಮೆರಿಕದ ಮನೆಗಳಿಗೆ ಬಂದಾಗ ಇದೇ ಸಂಕೇತಕ್ಕೆ ಮೂರು ಜೀವಗಳ ಬದಲು ಮೂವತ್ತು ದೊರೆತವು. ೧೯೯೦ರ ದಶಕದಲ್ಲಿ ಆ ಯಂತ್ರದ ಅನುಕರಣೆಗಳು ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ನಮ್ಮ ಸಣ್ಣ ಊರುಗಳಿಗೂ ಬಂದವು. ಬೇಸಿಗೆ ರಜೆಯಲ್ಲಿ ಅಣ್ಣನೊಡನೆ ಜಗಳವಾಡುತ್ತ ‘ಕಾಂಟ್ರಾ’ ಆಡಿದ್ದನ್ನು ನನ್ನ ಮಗಳು ಇಂದಿಗೂ ನೆನೆಯುತ್ತಾಳೆ.

ಮೂವತ್ತು ಜೀವ ಒಳ್ಳೆಯದೇ. ಆದರೆ ಇಲ್ಲಿಂದ ಮುಂದೆ ಸುಲಭವೆಂಬುದು ಎರಡು ದಾರಿಯಾಗಿ ಒಡೆಯುತ್ತದೆ. ಮೊದಲನೆಯದು, ಸತ್ತಲ್ಲಿಯೇ ಮತ್ತೆ ಎದ್ದು ಮುಂದುವರಿಯುವ ದಾರಿ. ಅಂಗಡಿಯಲ್ಲಿ ಹಾಗೆ ಮುಂದುವರಿಯಲು ಇನ್ನೊಂದು ನಾಣ್ಯ ಬೇಕಿತ್ತು. ಮನೆಯಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಎಷ್ಟೋ ಮನೆಯ ಆವೃತ್ತಿಗಳು ಹೊಸಬರಿಗೆ ಕೊಟ್ಟ ಸಹಾಯ ಇಷ್ಟೇ. ಇದರಿಂದ ಏನೂ ಬಾರದವನೂ ಅರ್ಧ ಗಂಟೆಯಲ್ಲಿ ಕೊನೆಯ ದೃಶ್ಯವನ್ನು ನೋಡಬಹುದು. ನೋಡಿ, ‘ಇಷ್ಟೇ ತಾನೆ’ ಎಂದು ಆಟವನ್ನು ಮೂಲೆಗಿಡಬಹುದು. ಅವನು ಆಟದ ಕೊನೆಯನ್ನು ಕಂಡ, ಆಟವನ್ನು ಕಾಣಲಿಲ್ಲ.

ಎರಡನೆಯ ದಾರಿ ಆಟದ ಒಳಕ್ಕೆ ಕರೆದೊಯ್ಯುವುದು. ಅದರ ಬೆಲೆ ತಿಳಿಯಬೇಕಾದರೆ ಈ ಬಗೆಯ ಆಟಗಳು ಮುಂದೆ ಎಲ್ಲಿಗೆ ಮುಟ್ಟಿದವೆಂದು ತಿಳಿಯಬೇಕು. ೧೯೯೦ರ ದಶಕದಲ್ಲಿ ಜಪಾನಿನಲ್ಲಿ ತೆರೆಯ ತುಂಬ ಗುಂಡುಗಳನ್ನು ಸುರಿಸುವ ಆಟಗಳು ಬಂದವು. ಅದಕ್ಕೆ ಅವರು ‘ದನ್ಮಕು’, ಎಂದರೆ ಗುಂಡಿನ ಪರದೆ, ಎನ್ನುತ್ತಾರೆ. ಬಿಸಲೆ ಘಾಟಿಯಲ್ಲಿ ಮಳೆ ಎದುರಿಗೆ ಬರುವುದನ್ನು ಕಂಡವರು ಈ ಹೆಸರನ್ನು ಮೆಚ್ಚುತ್ತಾರೆ. ಹೊಸಬ ಇದನ್ನು ನೋಡಿ, ಇದರೊಳಗೆ ಬದುಕುವುದು ಮನುಷ್ಯಸಾಧ್ಯವಲ್ಲವೆಂದು ತಿಳಿಯುತ್ತಾನೆ. ಅವನಿಗೆ ತಿಳಿಯದ ಸಂಗತಿ ಒಂದುಂಟು: ವಿಮಾನದ ಚಿತ್ರ ದೊಡ್ಡದಾದರೂ, ಗುಂಡು ತಾಗಿದರೆ ಸಾಯುವ ಭಾಗ ಅದರ ನಡುವಿನ ಒಂದು ಚುಕ್ಕೆ ಮಾತ್ರ. ರೆಕ್ಕೆಯ ಮೇಲೆ ಗುಂಡು ಹಾದುಹೋದರೂ ಭಯವಿಲ್ಲ. ಹೀಗೆ ಕಷ್ಟದ ಅರ್ಧ ಪಾಲು ಬೆರಳಿನದಲ್ಲ, ತಿಳಿವಳಿಕೆಯದು.

ನನ್ನ ಮೊಮ್ಮಗ ಆಡುತ್ತಿದ್ದ ‘ಬ್ಯಾಟಲ್ ಗರೆಗ್ಗಾ’ ೧೯೯೬ರ ಅಂಗಡಿಯ ಆಟ. ಅದರ ಒಳಗೆ ಕಣ್ಣಿಗೆ ಕಾಣದ ಒಂದು ಲೆಕ್ಕ ಸದಾ ನಡೆಯುತ್ತಿರುತ್ತದೆ. ನೀವು ಎಷ್ಟು ಗುಂಡು ಹಾರಿಸುತ್ತೀರೋ, ದಾರಿಯಲ್ಲಿ ಸಿಕ್ಕ ಶಕ್ತಿಗಳನ್ನು ಎಷ್ಟು ಬಾಚಿಕೊಳ್ಳುತ್ತೀರೋ ಅಷ್ಟೂ ಶತ್ರು ಬಲವಾಗುತ್ತಾನೆ. ಒಂದು ಜೀವ ಕಳೆದರೆ ತುಸು ಸಡಿಲುತ್ತಾನೆ. ಬಲ್ಲವರು ಬೇಕೆಂದೇ ಒಂದು ಜೀವವನ್ನು ಬಿಟ್ಟುಕೊಡುವುದುಂಟು. ಹೊಸಬನೋ ಎಲ್ಲವನ್ನೂ ಬಾಚಿಕೊಂಡು ತನ್ನ ಕೇಡನ್ನು ತಾನೇ ಬೆಳೆಸುತ್ತಾನೆ. ಎಂ೨ ಎಂಬ ಜಪಾನಿನ ಸಂಸ್ಥೆ ಈ ಆಟವನ್ನು ೨೦೧೬ರಲ್ಲಿ ಪ್ಲೇಸ್ಟೇಷನ್ ೪ ಯಂತ್ರಕ್ಕೆ ಇಳಿಸಿದಾಗ ಎರಡು ಕೆಲಸ ಮಾಡಿತು. ಗುಪ್ತವಾಗಿದ್ದ ಆ ಲೆಕ್ಕವನ್ನು ತೆರೆಯ ಬದಿಯ ಖಾಲಿ ಜಾಗದಲ್ಲಿ ಕಾಣುವಂತೆ ತೋರಿಸಿತು. ಮೂಲದ ಆಟದ ಜೊತೆಗೇ ‘ಸೂಪರ್ ಈಸಿ’ ಎಂಬ ವಿಭಾಗವನ್ನು ಇಟ್ಟಿತು. ಕೇವ್ ಸಂಸ್ಥೆಯ ‘ಮುಶಿಹಿಮೆಸಾಮಾ ಫುತಾರಿ’ ೨೦೦೯ರಲ್ಲಿ ಎಕ್ಸ್‌ಬಾಕ್ಸ್ ೩೬೦ ಯಂತ್ರಕ್ಕೆ ಬಂದಾಗಲೂ ಹೊಸಬರಿಗೆಂದು ಗುಂಡುಗಳನ್ನು ವಿರಳಗೊಳಿಸಿದ ‘ನೋವಿಸ್’ ವಿಭಾಗವಿತ್ತು. ಇಲ್ಲಿ ಹಂತಗಳು ಅವೇ, ಶತ್ರುಗಳೂ ಅವರೇ. ಕಲಿತದ್ದು ಮುಂದೆ ಕೆಲಸಕ್ಕೆ ಬರುತ್ತದೆ. ಜಾತ್ರೆಯವನ ಎರಡು ಹೆಜ್ಜೆ ಎಂದರೆ ಇದೇ.

ಈ ಎರಡು ದಾರಿಗಳ ಭೇದ ನನಗೆ ಇಷ್ಟು ನಾಟಲು ಕಾರಣ ನನ್ನದೇ ಒಂದು ತಪ್ಪು. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ನಾನು ಪಂಪನನ್ನು ಪಾಠ ಹೇಳುತ್ತಿದ್ದ ಬಗೆ ಹೀಗಿತ್ತು: ಪದ್ಯವನ್ನು ಒಮ್ಮೆ ಓದುವುದು, ಕೂಡಲೇ ಹೊಸಗನ್ನಡದಲ್ಲಿ ಸಾರಾಂಶ ಬರೆಸುವುದು. ಹುಡುಗರಿಗೆ ಕಷ್ಟವಾಗಬಾರದೆಂಬುದೇ ನನ್ನ ಉದ್ದೇಶ. ಫಲಿತಾಂಶ ಚೆನ್ನಾಗಿರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆ ನಮಸ್ಕರಿಸಿ, ‘ಸಾರ್, ನಿಮ್ಮ ನೋಟ್ಸಿನಿಂದಲೇ ಪಾಸಾದೆ. ಪುಸ್ತಕ ತೆಗೆಯುವ ಪ್ರಮೇಯವೇ ಬರಲಿಲ್ಲ’ ಎಂದ. ಅವನು ಹೊಗಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಪಾಠ ಹೇಳಿದ ಗುರುಗಳು ಹಾಗೆ ಮಾಡಿರಲಿಲ್ಲ. ಅವರು ಮೊದಲು ಸರಳವಾದ ಒಂದು ಪದ್ಯವನ್ನು ಆರಿಸಿ, ಹಲಗೆಯ ಮೇಲೆ ಪದಗಳನ್ನು ಬಿಡಿಸಿ ಬರೆದು, ಮೆಲ್ಲಗೆ ಮೂರು ಸಲ ಓದಿಸುತ್ತಿದ್ದರು. ಸುಲಭ ಮಾಡಿದ್ದು ಅವರೂ ಹೌದು. ಆದರೆ ಬಾಯಲ್ಲಿ ಉಳಿದದ್ದು ಪಂಪನ ಮಾತು. ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಮಾಡುವ ಕೆಲಸವೂ ಇದೇ: ಮೂಲದ ಜಾಗವನ್ನು ಅದು ಆಕ್ರಮಿಸುವುದಿಲ್ಲ, ಬದಿಯಲ್ಲಿ ದೀಪ ಹಿಡಿದು ನಿಲ್ಲುತ್ತದೆ.

ಕಷ್ಟವೇ ಇಂಥ ಆಟಗಳ ಪ್ರಾಣ, ಅದನ್ನು ಕಡಿಮೆ ಮಾಡುವುದು ಕರ್ತೃವಿಗೆ ಅಪಚಾರ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಸುಲಭದ ರೂಪ ಬಂದು ಮೂಲವೇ ಮರೆಯಾದರೆ ಅದು ನಷ್ಟವೇ ಸರಿ. ಆದ್ದರಿಂದ ಮೂಲ ಅಲ್ಲಿಯೇ ಪಕ್ಕದಲ್ಲಿರಬೇಕು, ಒಳ್ಳೆಯ ಆವೃತ್ತಿಗಳಲ್ಲಿ ಇದ್ದೇ ಇರುತ್ತದೆ. ಆದರೆ ಹಿಂದೆ ನೆನಪಿಡಿರೆಂದ ಸ್ವಿಚ್ಚುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅಂಗಡಿಯ ಯಜಮಾನ ತನ್ನ ಲಾಭಕ್ಕೆಂದು ಕಷ್ಟವನ್ನು ಏರಿಸಿ ಇಳಿಸುತ್ತಿದ್ದಾಗ ಅಪಚಾರವಾಗದಿದ್ದರೆ, ಆಡುವವನು ತನ್ನ ಕಲಿಕೆಗೆಂದು ಇಳಿಸಿಕೊಂಡಾಗ ಮಾತ್ರ ಅದು ಹೇಗೆ ಅಪಚಾರವಾಗುತ್ತದೆ?

ನಮ್ಮ ಸೀಮೆಯವರಿಗೆ ಇದು ಹೊಸ ಮಾತಲ್ಲ. ಕಾಫಿಯ ಸಸಿಮಡಿಗೆ ಮೇಲೊಂದು ಚಪ್ಪರ ಹಾಕುತ್ತೇವೆ. ನೆಡುವ ಕಾಲ ಹತ್ತಿರವಾದಂತೆ ಅದನ್ನು ಸ್ವಲ್ಪಸ್ವಲ್ಪವಾಗಿ ತೆಳುಮಾಡಿ ಸಸಿಯನ್ನು ಬಿಸಿಲಿಗೆ ಪಳಗಿಸುತ್ತೇವೆ. ಒಮ್ಮೆಗೇ ಕಿತ್ತರೆ ಸಸಿ ಬಾಡುತ್ತದೆ. ತೆಗೆಯದೆ ಬಿಟ್ಟರೆ ಸೊರಗಿ ಉದ್ದವಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ತೋಟಕ್ಕೆ ಬಂದ ಮೇಲೂ ನಮ್ಮ ಕಾಫಿ ಬರಿಯ ಬಿಸಿಲಿನಲ್ಲಿ ನಿಲ್ಲುವುದಿಲ್ಲ. ಮರದ ನೆರಳಿನಲ್ಲಿಯೇ ಬಾಳಿ ಅಲ್ಲಿಯೇ ಫಲ ಕೊಡುತ್ತದೆ. ವರ್ಷವರ್ಷವೂ ಮರಗಸಿ ಮಾಡಿ ನೆರಳನ್ನು ಹದಕ್ಕೆ ತರುತ್ತೇವೆಯೇ ಹೊರತು ಮರವನ್ನು ಕಡಿಯುವುದಿಲ್ಲ. ಅರವತ್ತೈದು ದಾಟಿದ ಬೆರಳುಗಳಿಗೆ, ಕಣ್ಣು ಮಂದವಾದವರಿಗೆ, ಕೈ ಸ್ವಾಧೀನ ತಪ್ಪಿದವರಿಗೆ ಹೊಸಬರ ವಿಭಾಗವೇ ಕೊನೆಯವರೆಗೂ ಇರುವ ವಿಭಾಗವಾಗಬಹುದು. ನೆರಳಿನಲ್ಲಿ ಬೆಳೆದ ಕಾಫಿಯನ್ನು ಯಾರೂ ಅರೆಕಾಫಿ ಎನ್ನುವುದಿಲ್ಲ.

ಮೊನ್ನೆ ಮತ್ತೆ ಸಕಲೇಶಪುರಕ್ಕೆ ಹೋಗಿದ್ದೆ. ‘ತಾತ, ಇವತ್ತು ದೊಡ್ಡವರದನ್ನೇ ಆಡಿ ನೋಡಿ’ ಎಂದು ಹುಡುಗ ಮೂಲದ ಆಟವನ್ನು ತೆರೆದು ಕೈಗಿತ್ತ. ಸೋತೆ. ಆದರೆ ಈ ಸಲ ಅರ್ಧ ನಿಮಿಷ ಹೋಗಿ ನಾಲ್ಕು ನಿಮಿಷವಾಗಿತ್ತು. ಮೇಲಾಗಿ, ಏಕೆ ಸೋತೆನೆಂಬುದು ನನಗೆ ತಿಳಿದಿತ್ತು. ‘ಅಷ್ಟೊಂದು ಬಾಚಿಕೊಳ್ಳಬಾರದಾಗಿತ್ತು’ ಎಂದೆ. ‘ಹೌದು ತಾತ’ ಎಂದು ಅವನು ಗಂಭೀರವಾಗಿ ತಲೆಯಾಡಿಸಿದ. ಹಲಗೆಯ ಮುಂದೆ ನಿಂತು ಪದ ಬಿಡಿಸುತ್ತಿದ್ದ ನನ್ನ ಗುರುಗಳೂ, ನಾನು ಮೊದಲ ಸಲ ಒಂದು ಪದ್ಯಕ್ಕೆ ತಾನಾಗಿ ಅರ್ಥ ಹೇಳಿದ ದಿನ, ಹೀಗೆಯೇ ತಲೆಯಾಡಿಸಿದ್ದರು.