ಆಟಗಾರರ ಅಂಗಮರ್ದನ: ಹಿತವೆಲ್ಲಿ, ಅಪಾಯವೆಲ್ಲಿ?

ಭಿವಂಡಿಯ ಮಗ್ಗಗಳ ನಡುವೆ ವಾರವಿಡೀ ನಿಂತು ದುಡಿದ ತರುಣನು ರಜೆಯ ದಿನ ಕಬಡ್ಡಿಗಿಳಿದರೆ, ಮರುದಿನ ಅವನ ತೊಡೆ, ಮೀನಖಂಡಗಳು ಬಿಗಿದು ನೋಯುವುದು ಸಹಜ. ಊರಿನ ಗರಡಿಯಲ್ಲಾದರೆ ಉಸ್ತಾದರು ಮಾಲೀಸು ಮಾಡಿಸುತ್ತಿದ್ದರು. ವ್ಯಾಯಾಮದ ತರುವಾಯ ದೇಹವನ್ನು ಹಿತವಾಗಿ ಮರ್ದಿಸಬೇಕೆಂದು ವಾಗ್ಭಟನ ‘ಅಷ್ಟಾಂಗಹೃದಯ’ವೂ ಹೇಳುತ್ತದೆ, ‘ಹಿತವಾಗಿ’ ಎಂಬ ಮಾತನ್ನು ಮಾತ್ರ ಪೈಲ್ವಾನರು ಅನೇಕ ವೇಳೆ ಮರೆತರು.

29 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಮರ್ದನದಿಂದ ಸ್ನಾಯುಗಳ ನೋವು ತುಸು ತಗ್ಗುತ್ತದೆ, ಮೈ ಕೊಂಚ ಸಡಿಲವಾಗುತ್ತದೆ. ಬಲವಾಗಲಿ ಓಟದ ವೇಗವಾಗಲಿ ಹೆಚ್ಚುವುದೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸ್ನಾಯುಗಳಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಮಾಲೀಸು ಹೊರದೂಡುವುದೆಂಬ ಮಾತೂ ನಿಲ್ಲದು. ಆಟ ಮುಗಿದ ಸುಮಾರು ಒಂದು ಗಂಟೆಯೊಳಗೆ ದೇಹವು ಆ ಬಾಕಿಯನ್ನು ತಾನೇ ಚುಕ್ತಾ ಮಾಡಿರುತ್ತದೆ.

ಹೊಸದಾಗಿ ಉಳುಕಿ ಊದಿದ ಅಂಗವನ್ನು ಮೊದಲ 2-3 ದಿನ ತಿಕ್ಕಬಾರದು. ಒಳಗಿನ ರಕ್ತಸ್ರಾವ ಹೆಚ್ಚೀತು. ಮೂಳೆ ಮುರಿದ ಸಂದೇಹ, ಜ್ವರ, ಚರ್ಮದ ಸೋಂಕು ಇದ್ದಾಗಲೂ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ವೈದ್ಯರನ್ನು ಮೊದಲು ಕೇಳಬೇಕು.

ಇವೆಲ್ಲಕ್ಕಿಂತ ಗಂಭೀರವಾದುದೊಂದಿದೆ. ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವನ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಆಟದ ಆಯಾಸವೆಂದು ಬಗೆದು ಎಣ್ಣೆ ಹಚ್ಚಿ ತಿಕ್ಕಕೂಡದು. ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಅಂಥವನನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಏದುಸಿರು ಬಂದು ಎದೆ ನೋಯತೊಡಗಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.