ಐಟಿಐ ಸೇರ್ತೀನಿ ಅಂದ್ರೆ ಏನು ಹೇಳೋಣ?

ಸಿಂಗಾಪುರಕ್ಕೆ ಓದೋಕೆ ಬಂದ ಮೇಲೆ ನಮಗೆಲ್ಲ ಊರಲ್ಲಿ ಸಲಹೆಗಾರರ ಪಟ್ಟ ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಐಟಿಐ ಸೇರ್ತೀನಿ ಅಂದ್ರೆ ಸಾಕು, "ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂತ ಫೋನ್ ಬರುತ್ತೆ. ಬುದ್ಧಿ ಅಂದ್ರೆ ಪಿಯುಸಿ ಸೈನ್ಸ್, ಆಮೇಲೆ ನಮ್ಮ ಹಾಗೇ ಬಿ.ಇ. ಅಂತ ಅರ್ಥ. ಹೇಳೋಕೆ ಮುಂಚೆ, ನಾವು ಇರೋ ದೇಶ ಇದೇ ವಿಷಯದಲ್ಲಿ ಏನು ಮಾಡಿದೆ ಅಂತ ಒಮ್ಮೆ ನೋಡೋಣ.

ಇಲ್ಲೂ ಕೈಕೆಲಸದ ಓದು ಅಂದ್ರೆ ಮೂಗು ಮುರಿಯೋರೇ ಇದ್ದರು. 1979ರಲ್ಲಿ ಶುರುವಾದ ವೃತ್ತಿ ಮತ್ತು ಕೈಗಾರಿಕಾ ತರಬೇತಿ ಮಂಡಳಿ, ಶಾಲೆಯಲ್ಲಿ ಮುಂದೆ ಹೋಗಲಾಗದವರ ಜಾಗ ಅನ್ನಿಸಿಕೊಂಡಿತ್ತು. 1992ರಲ್ಲಿ ಅದರ ಬದಲು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಿಕಲ್ ಎಜುಕೇಶನ್, ಅಂದ್ರೆ ಐಟಿಇ ಬಂತು. ಹತ್ತು ವರ್ಷ ಶಾಲೆ ಓದಿದವರ ಮುಂದಿನ ಹಂತ ಅಂತ ಅದನ್ನ ರೂಪಿಸಿದರು. ಆದ್ರೂ ಜನ ಆ ಮೂರು ಅಕ್ಷರಗಳನ್ನ "ಇಟ್ಸ್ ದಿ ಎಂಡ್" ಅಂತ ಬಿಡಿಸಿ ನಗ್ತಿದ್ದರು. ಈಗ ಆಂಗ್ ಮೊ ಕಿಯೊ, ಸಿಮೇ, ಚುವಾ ಚು ಕಾಂಗ್‌ನಲ್ಲಿರೋ ಅದರ ಕ್ಯಾಂಪಸ್‌ಗಳನ್ನ ನೋಡಿದ್ರೆ ನಮ್ಮ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳು ನಾಚಬೇಕು. ಇಲ್ಲಿ ನೈಟೆಕ್, ಹೈಯರ್ ನೈಟೆಕ್ ಮುಗಿಸಿ ಅಂಕ ಇದ್ದರೆ ಪಾಲಿಟೆಕ್ನಿಕ್‌ಗೆ, ಅಲ್ಲಿಂದ ಯೂನಿವರ್ಸಿಟಿಗೂ ಹೋಗಬಹುದು.

ನಮಗೆ ಹೆಚ್ಚು ಹಿಡಿಸಿದ್ದು ಇಲ್ಲಿನ ಲೈಸೆನ್ಸ್ ವ್ಯವಸ್ಥೆ. ಮನೆ ವೈರಿಂಗ್‌ಗೆ ಕಂಡಕಂಡವರು ಕೈ ಹಾಕೋ ಹಾಗಿಲ್ಲ. ಎನರ್ಜಿ ಮಾರ್ಕೆಟ್ ಅಥಾರಿಟಿ ಮೂರು ದರ್ಜೆಯ ಲೈಸೆನ್ಸ್ ಕೊಡುತ್ತೆ. ಹೊಸ ವೈರಿಂಗ್ ವಿನ್ಯಾಸ ಮಾಡೋದಾದ್ರೆ ಎಲೆಕ್ಟ್ರಿಷಿಯನ್‌ಗೆ 45 ಕೆವಿಎ ಮಿತಿ, ಟೆಕ್ನಿಷಿಯನ್‌ಗೆ 150 ಕೆವಿಎ, ಅದರ ಮೇಲಿನದ್ದಕ್ಕೆ ಎಂಜಿನಿಯರ್ ದರ್ಜೆಯವರೇ ಬೇಕು. ನಾವು ಟ್ರಾನ್ಸ್‌ಫಾರ್ಮರ್ ಬಗ್ಗೆ ಇಪ್ಪತ್ತು ಅಂಕದ ಉತ್ತರ ಬರೆದು ಪಾಸಾದವರು. ಆದ್ರೆ ಒಂದು ಎಚ್‌ಡಿಬಿ ಫ್ಲಾಟಿನ ವೈರಿಂಗ್‌ಗೆ ಸಹಿ ಹಾಕೋ ಅಧಿಕಾರ, ಬರೀ ಬಿ.ಇ. ಸರ್ಟಿಫಿಕೇಟ್ ತೋರಿಸಿದ್ರೆ ನಮಗೆ ಸಿಗಲ್ಲ. ಓದಿನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಲೈಸೆನ್ಸ್ ತಗೊಂಡವರಿಗೆ ಮಾತ್ರ ಅದು. ಕೊಳಾಯಿ ಪೈಪ್ ಕೆಲಸಕ್ಕೂ ಹೀಗೇ ಪಿಯುಬಿ ಲೈಸೆನ್ಸ್ ಇದೆ. ಸಹಿ ಇಲ್ಲದೆ ಕೆಲಸ ನಡೆಯಲ್ಲ ಅಂದಾಗ ಪ್ಲಂಬರ್‌ನ "ಏಯ್, ಬಾರೋ ಇಲ್ಲಿ" ಅಂತ ಕರೆಯೋಕೆ ಯಾರಿಗೂ ಧೈರ್ಯ ಬರಲ್ಲ.

ಸಂಬಳದ ಕಥೆ ಅಷ್ಟು ಚೆನ್ನಾಗಿಲ್ಲ. 2024ರ ಸಮೀಕ್ಷೆಗಳಲ್ಲಿ ಯೂನಿವರ್ಸಿಟಿಯ ಹೊಸ ಪದವೀಧರರ ತಿಂಗಳ ಸಂಬಳದ ಮಧ್ಯಾಂಕ 4,500 ಡಾಲರ್, ಪಾಲಿಟೆಕ್ನಿಕ್‌ನವರದು 2,900. ಐಟಿಇಯವರದು ಅದಕ್ಕೂ ಕೆಳಗೆ. ಇದನ್ನ ಸರಿಪಡಿಸೋಕೆ 2024ರ ಬಜೆಟ್‌ನಲ್ಲಿ ಒಂದು ಯೋಜನೆ ತಂದರು: ಮೂವತ್ತು ವರ್ಷದೊಳಗಿನ ಐಟಿಇ ಪದವೀಧರರು ಡಿಪ್ಲೊಮಾ ಸೇರಿದ್ರೆ 5,000 ಡಾಲರ್, ಮುಗಿಸಿದ್ರೆ ಸಿಪಿಎಫ್ ಖಾತೆಗೆ ಇನ್ನೂ 10,000. ಗಮನಿಸಿ, ಹಣ ಬರೋದು ಡಿಪ್ಲೊಮಾ ಓದಿದ್ರೆ. ಈ ಸರ್ಕಾರವೂ ಕೊನೆಗೆ ನಮ್ಮ ಅತ್ತೆ ಮಾವಂದಿರ ಹಾಗೆ "ಮುಂದೆ ಓದಪ್ಪ" ಅಂತಾನೇ ಹೇಳ್ತಿದೆ!

ನಮ್ಮ ಕರ್ನಾಟಕದಲ್ಲೂ ಮೆಟ್ಟಿಲುಗಳಿಲ್ಲ ಅಂತಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ. ವೈರ್‌ಮನ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ನಮ್ಮಲ್ಲೂ ಇವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಜಿಟಿಟಿಸಿಯಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಕಲಿಯಬಹುದು. ಬಿಡದಿಯಲ್ಲಿ 2007ರಿಂದ ಟೊಯೋಟಾದ ತರಬೇತಿ ಶಾಲೆ ಹಳ್ಳಿ ಮಕ್ಕಳಿಗೆ ಮೂರು ವರ್ಷ ಹಾಸ್ಟೆಲ್‌ನಲ್ಲಿಟ್ಟು ಕಲಿಸುತ್ತೆ. ಹಾಗಾಗಿ ಹುಡುಗನಿಗೆ "ಬೇಡ" ಅನ್ನೋ ಬದಲು ಯಾವ ಟ್ರೇಡ್, ಯಾವ ಸಂಸ್ಥೆ, ವರ್ಕ್‌ಶಾಪಲ್ಲಿ ಮೆಷಿನ್‌ಗಳು ಓಡ್ತಾವಾ ಅಂತ ಕೇಳೋದು ಮೇಲು. ಬೀಗ ಹಾಕಿರೋ ವರ್ಕ್‌ಶಾಪಿನ ಐಟಿಐಗಿಂತ ಪಿಯುಸಿಯೇ ವಾಸಿ.

ಆದ್ರೆ "ಐಟಿಐ ಮುಗಿಸಿ ನಿಮ್ಮ ಹಾಗೇ ಸಿಂಗಾಪುರಕ್ಕೆ ಬರ್ತೀನಿ" ಅಂದ್ರೆ ಲೆಕ್ಕ ಬೇರೆ. ಇಲ್ಲಿ ಹೊರದೇಶದವರನ್ನ ಅಳೆಯೋದರಲ್ಲಿ ಸಂಬಳದ ಪಾತ್ರ ದೊಡ್ಡದು. ನಾವು ಓದು ಮುಗಿಸಿ ಕಾಯೋ ಎಂಪ್ಲಾಯ್‌ಮೆಂಟ್ ಪಾಸಿಗೆ 2025ರ ಜನವರಿಯಿಂದ ಕನಿಷ್ಠ 5,600 ಡಾಲರ್ ಬೇಕು. ಕಟ್ಟಡ ಕೆಲಸಕ್ಕೆ ಬರೋ ನಮ್ಮವರು ಕೌಶಲ ಪರೀಕ್ಷೆ ಪಾಸಾಗಿಯೇ ಬರ್ತಾರೆ, ಆದ್ರೆ ಅವರಿಗೆ ಸಿಗೋದು ವರ್ಕ್ ಪರ್ಮಿಟ್. ಹೆಂಡತಿ ಮಕ್ಕಳನ್ನ ಜೊತೆಗೆ ಕರೆಸಿಕೊಳ್ಳೋ ಡಿಪೆಂಡೆಂಟ್ ಪಾಸ್‌ಗೆ ತಿಂಗಳಿಗೆ 6,000 ಡಾಲರ್ ಸಂಬಳ ಇರಬೇಕು. ವರ್ಕ್ ಪರ್ಮಿಟ್‌ನವರು ಎಷ್ಟೇ ವರ್ಷ ದುಡಿದರೂ ಅದಕ್ಕೆ ಅರ್ಜಿಯನ್ನೇ ಹಾಕೋ ಹಾಗಿಲ್ಲ.